ಶರ್ಯತ್ತಿನ ಕುದುರೆ ಏರಿದ ಮದಲಿಂಗ

ಯಾರಾದರೂ “ನಿಮ್ಮ ಒಳ್ಳೇದಕ್ಕ ಹೇಳ್ತೇನ್ರಿ” ಎಂದು ಮಾತು ಶುರು ಮಾಡಿದರೆ ಸಾಕು, ನನ್ನ ಬಲಗೈ ನನ್ನನ್ನು ಕೇಳದೆಯೇ ಅಂಗಿಯ ಕಿಸೆ ಮುಟ್ಟಿ ನೋಡಿಕೊಳ್ಳುತ್ತದೆ. ಕಿಸೆಯಲ್ಲಿ ಕನ್ನಡಕದ ಡಬ್ಬಿ ಬಿಟ್ಟರೆ ಬೇರೇನೂ ಇರುವುದಿಲ್ಲ, ಆದರೂ ಕೈಗೆ ಸಮಾಧಾನವಿಲ್ಲ. ಮೊನ್ನೆ ಹಲ್ಲಿನ ಡಾಕ್ಟರಮ್ಮ ಹಾಗೆಂದಾಗಲೂ ಅದೇ ಆಯಿತು. ಬಾಯಿ ತೆರೆದುಕೊಂಡು ಎದೆಯ ಮೇಲೆ ಕೈಯಿಟ್ಟುಕೊಂಡು ಕೂತವನನ್ನು ಕಂಡು ಆಕೆ, “ಎದಿ ನೋಯಾಕತ್ತೇತೇನ್ರಿ ಅಜ್ಜಾರ?” ಎಂದು ಗಾಬರಿಯಾದಳು. ಎದೆನೋವಲ್ಲ ತಾಯಿ, ಸಂಶಯ ಎಂದು ಹೇಳಲು ಬಾಯಿಗೆ ಬಿಡುವಿರಲಿಲ್ಲ.

ಇದು ನಮ್ಮ ಮನೆತನದ ರೋಗ. ನಮ್ಮ ಅವ್ವ ಹಾಲಿನ ಹನಿಯನ್ನು ಹೆಬ್ಬೆರಳ ಉಗುರಿನ ಮೇಲೆ ಬಿಟ್ಟು ನೋಡುತ್ತಿದ್ದಳು. ಹನಿ ಹರಿದರೆ ಹಾಲಿನವಳಿಗೆ ಬೈಗುಳ. ಹನಿ ನಿಂತರೆ, “ಇವತ್ತ ಯಾಕ ನೀರ ಹಾಕಿಲ್ಲ? ಏನೋ ಕೇಳಾಕ ಬಂದಾಳ” ಎಂದು ಅದಕ್ಕೂ ಸಂಶಯ. ಕಾರ್ಡು ತಂದ ಟಪಾಲಿನವನ ಮುಖ ನೋಡಿಯೇ ಸುದ್ದಿ ಒಳ್ಳೆಯದೋ ಕೆಟ್ಟದ್ದೋ ಹೇಳಿಬಿಡುತ್ತಿದ್ದಳು, ಅವನು ಓದದೆ ತಂದಿರಲಾರ ಎಂಬ ಗಟ್ಟಿ ನಂಬಿಕೆಯಿಂದ. “ನಕ್ಕೋತ ಬಂದವನ ಕೈ ನೋಡು, ಅಳಕೋತ ಬಂದವನ ಕಣ್ಣು ನೋಡು” ಎಂದು ನನಗೆ ಅಕ್ಷರಾಭ್ಯಾಸಕ್ಕೂ ಮೊದಲೇ ಕಲಿಸಿದ್ದಳು. ನಮ್ಮ ಹುಬ್ಬಳ್ಳಿಯ ದುರ್ಗದಬೈಲಿನ ಕಾಯಿಪಲ್ಲೆಯವರು ಅವ್ವ ಬರುವುದನ್ನು ದೂರದಿಂದ ಕಂಡೇ ಬದನೆಕಾಯಿಗಳನ್ನು ಒಂದೊಂದಾಗಿ ತಿರುಗಿಸಿ ಇಡುತ್ತಿದ್ದರು, ಹುಳುಕು ಮುಚ್ಚಲಿಕ್ಕಲ್ಲ, ಹುಳುಕಿಲ್ಲವೆಂದು ತೋರಿಸಲಿಕ್ಕೆ.

ಇಂಥ ಅವ್ವ ಸಂಶಯಪಡದೇ ಬಿಟ್ಟ ಜೀವ ಒಂದೇ, ಮೈನಾ. ಮೈನಾ ನಮ್ಮ ಓಣಿಯ ಟಾಂಗಾವಾಲಾ ರಾಜೇಸಾಬರ ಹೆಣ್ಣು ಕುದುರೆ. ಕಂದು ಮೈ, ಹಣೆಯ ಮೇಲೆ ಸುಣ್ಣದ ಬೆರಳು ಒರೆಸಿದಂಥ ಗುರುತು. ಎತ್ತರವೂ ಇಲ್ಲ, ಠೀವಿಯೂ ಇಲ್ಲ. ಆದರೆ ಆಕೆಗೆ ಬಾರದ ಕೆಲಸವಿರಲಿಲ್ಲ. ಮುಂಜಾನೆ ಆರು ಹುಡುಗಿಯರನ್ನು ಸಾಲಿಗೆ ಮುಟ್ಟಿಸುವಳು. ಯಾರ ಮನೆಯ ಮುಂದೆ ನಿಲ್ಲಬೇಕೆಂದು ಲಗಾಮು ಹೇಳಬೇಕಾಗಿರಲಿಲ್ಲ. ರಜೆಯ ಹುಡುಗಿಯ ಮನೆ ಮುಂದೆಯೂ ನಿಂತು, ಒಂದು ನಿಮಿಷ ಕಾದು, ತಾನೇ ಹೊರಡುವಳು. ಮಧ್ಯಾಹ್ನ ಉಳ್ಳಾಗಡ್ಡಿ ಚೀಲ. ಸಂಜೆ ಎರಡೂ ಬದಿಗೆ ಸಿನಿಮಾದ ಬೋರ್ಡು ಕಟ್ಟಿಕೊಂಡು, ಮೇಲೆ ಡೋಲು ಬಾರಿಸುವವನನ್ನು ಕೂಡ್ರಿಸಿಕೊಂಡು ಓಣಿ ಓಣಿ ತಿರುಗುವಳು. ಲಗ್ನಸರಾಯಿ ಬಂತೆಂದರೆ ಬೆನ್ನ ಮೇಲೆ ಜರಿಯ ಝೂಲು, ಕೊರಳಿಗೆ ಗೆಜ್ಜೆ. ಹುಬ್ಬಳ್ಳಿಯ ಅರ್ಧಕ್ಕರ್ಧ ಮದುಮಕ್ಕಳು ಬಾಸಿಂಗ ಕಟ್ಟಿಕೊಂಡು ಆಕೆಯ ಬೆನ್ನ ಮೇಲೆಯೇ ಸಂಸಾರಕ್ಕೆ ಹೊರಟವರು. ಮುಂದೆ ಬ್ಯಾಂಡಿನವರು ಕಿವಿ ಹರಿಯುವಂತೆ ಊದಿದರೂ ಆಕೆ ಅರ್ಧ ಕಣ್ಣು ಮುಚ್ಚಿ ನಡೆಯುತ್ತಿದ್ದಳು.

ನಾನೂ ಒಂದು ಬಗೆಯ ಮೈನಾನೇ ಆಗಿದ್ದೆ ಅನ್ನಿ. ಧಾರವಾಡದ ಒಂದು ಸರಕಾರಿ ಕಚೇರಿಯಲ್ಲಿ ಹೊಸದಾಗಿ ಕಾರಕೂನನಾಗಿದ್ದೆ. ಬಂದ ಕಾಗದ ಬರೆದುಕೊಳ್ಳುವುದು, ಹೋಗುವ ಕಾಗದಕ್ಕೆ ಅಂಟು ಹಚ್ಚುವುದು, ಸಾಹೇಬರ ಮಗನಿಗೆ ಗಣಿತ ಹೇಳುವುದು, ಗೋಡೆ ಗಡಿಯಾರಕ್ಕೆ ಕೀಲಿ ಕೊಡುವುದು, ಎಲ್ಲ ನನ್ನದೇ. ಆದ್ದರಿಂದ ಒಂದೇ ಒಂದು ವಿದ್ಯೆ ಬಲ್ಲ ಜನರನ್ನು ಕಂಡರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ.

ಅರವತ್ತರ ದಶಕದ ಶುರುವಿನ ಮಾತಿದು. ಊರಲ್ಲಿ ಸಿಟಿ ಬಸ್ಸುಗಳು ಹೆಚ್ಚಾಗಿ ಟಾಂಗಾದ ಮಾನ ಇಳಿಯುತ್ತಿತ್ತು. ಆಗ ಮಿರಜಿನ ಕಡೆಯಿಂದ ನಾಮದೇವ ಎಂಬುವನೊಬ್ಬ ಬಂದ. ಕುದುರೆಗಳನ್ನು ಟಾಂಗಾ ಶರ್ಯತ್ತಿಗೆ, ಅಂದರೆ ಓಟದ ಪಂದ್ಯಕ್ಕೆ, ತಯಾರು ಮಾಡುವುದು ಅವನ ಕಸುಬು. ಎಲ್ಲರೂ ‘ಉಸ್ತಾದ’ ಎನ್ನುತ್ತಿದ್ದರು. ಒಣಕಲು ಮನುಷ್ಯ, ಮಾತು ಕಡಿಮೆ. ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಕಾಲನ್ನೇ ನೋಡುತ್ತಿದ್ದ. ಮನುಷ್ಯರದೂ ಕಾಲನ್ನೇ. ಒಂದು ದಿನ ನಮ್ಮ ಓಣಿಯಲ್ಲಿ ನಿಂತು ಮೈನಾಳ ಕಾಲು ನೋಡಿದ.

“ರಾಜೇಸಾಬ, ಈ ಕುದರಿ ಹತ್ತು ಕೆಲಸ ಮಾಡಾಕತ್ತೇತಿ. ಒಂದೂ ಇದರದಲ್ಲ. ಇದು ಓಡಾಕ ಹುಟ್ಟಿದ್ದು” ಎಂದ.

“ಹತ್ತು ಕೆಲಸ ಬರತಾವಂತನ ನನ್ನ ಮನಿಯಾಗ ಒಲಿ ಉರಿತೈತಿ ಉಸ್ತಾದ” ಎಂದರು ರಾಜೇಸಾಬರು.

“ಬಸ್ಸು ಇನ್ನೂ ಎಷ್ಟ ಕೆಲಸ ಬಿಡತಾವ ನಿಮಗ? ಶರ್ಯತ್ತ ಗೆದ್ದ ಕುದರಿ ಅಂದ್ರ ಊರ ಜನ ಹುಡಿಕ್ಕೊಂಡ ಬರತಾರ.”

ರಾಜೇಸಾಬರು ಎರಡು ದಿನ ವಿಚಾರ ಮಾಡಿ ಒಪ್ಪಿದರು. ಸಾಲಿಯ ಹುಡುಗಿಯರ ಕೆಲಸವನ್ನು ತಮ್ಮನ ಟಾಂಗಾಕ್ಕೆ ಬಿಟ್ಟುಕೊಟ್ಟು ಮೈನಾಳನ್ನು ಉಸ್ತಾದನ ಕೈಗೊಪ್ಪಿಸಿದರು. ಓಣಿಯಲ್ಲೆಲ್ಲ ಗುಸುಗುಸು. “ಕುದರಿ ಹೊಡಕೊಂಡ ಹೋಗಾಕ ಬಂದಾನ, ಒಂದಿನ ಮಿರಜ ಮುಟ್ಟಿದ ಮ್ಯಾಲ ಕಾರ್ಡ ಬರೀತಾನ” ಎಂದಳು ಅವ್ವ. ನನ್ನ ಸಂಶಯ ಬೇರೆ. ಆತ ದಿನಾ ನಸುಕಿನಲ್ಲಿ ಮೈನಾಳಿಗೆ ನಿಂಬೆಹಣ್ಣಿನಷ್ಟು ದೊಡ್ಡ ಒಂದು ಉಂಡೆ ತಿನ್ನಿಸುತ್ತಿದ್ದ. ಅಫೀಮೇ ಇರಬೇಕು! ಒಂದು ಮುಂಜಾನೆ ಆತ ನೀರು ತರಲು ಹೋದಾಗ ಲಾಯಕ್ಕೆ ನುಗ್ಗಿ ಉಂಡೆಯ ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಸಿಹಿ, ಸ್ವಲ್ಪ ಖಾರ. ಆ ದಿನವೆಲ್ಲ ಕಚೇರಿಯಲ್ಲಿ ತಲೆ ತಿರುಗೀತೆಂದು ಮೇಜು ಹಿಡಿದು ಕೂತಿದ್ದೆ. ತಿರುಗಲಿಲ್ಲ. ಸಂಜೆ ರಾಜೇಸಾಬರೇ ಹೇಳಿದರು, ಅದು ಗೋಧಿಹಿಟ್ಟು, ಬೆಲ್ಲ, ಅಜವಾನದ ಉಂಡೆ ಎಂದು. ಅಪರಾಧ ಸಿಗಲಿಲ್ಲವೆಂದು ನನ್ನ ಸಂಶಯ ಇಳಿಯಲಿಲ್ಲ. ಮುಚ್ಚಿಡುವುದರಲ್ಲಿ ಆಸಾಮಿ ಪಳಗಿದವನು ಎಂದುಕೊಂಡೆ.

ಅದೇ ಹೊತ್ತಿಗೆ ನನ್ನ ಲಗ್ನ ಗೊತ್ತಾಗಿತ್ತು. ಹುಡುಗಿ ಉಪ್ಪಿನಬೆಟಗೇರಿಯ ಮಲ್ಲನಗೌಡರ ಮಗಳು ಶಾಂತಾ. ಸಂಶಯದಲ್ಲಿ ಮಲ್ಲನಗೌಡರು ಅವ್ವನಿಗೆ ಸರಿಜೋಡಿ. ನಾನು ನಿಜಕ್ಕೂ ಕಾರಕೂನನೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು ನಮ್ಮ ಕಚೇರಿಯೆದುರು ಬೇವಿನ ಮರದ ಕೆಳಗೆ ಒಂದು ದಿನವೆಲ್ಲ ಕೂತಿದ್ದರಂತೆ. ಮರುದಿನವೂ ಬಂದಿದ್ದರು, ಮೊದಲ ದಿನ ನಾನು ಸುಮ್ಮನೆ ತೋರಿಕೆಗೆ ಬಂದಿದ್ದರೆ ಎಂದು. ಅವ್ವನೇನು ಬಿಟ್ಟಳೇ? ಹೆಣ್ಣು ನೋಡುವ ದಿನ ಪ್ರೀತಿಯಿಂದ ತಲೆ ಸವರುವ ನೆವದಲ್ಲಿ ಶಾಂತಾಳ ಜಡೆಯನ್ನು ಒಮ್ಮೆ ಸಣ್ಣಗೆ ಎಳೆದು, ಚೌರಿ ಅಲ್ಲವೆಂದು ತಿಳಿದುಕೊಂಡಳು. ಶಾಂತಾ ಮುಖ ಎತ್ತಿ ಅವ್ವನನ್ನು ನೇರವಾಗಿ ನೋಡಿದಳಂತೆ. “ಹುಡುಗಿ ಕಣ್ಣು ಭಾಳ ಚುರುಕ ಅದಾವ. ನೀ ಹುಷಾರ” ಎಂದು ಅವ್ವ ದಾರಿಯಲ್ಲಿ ನನಗೆ ಎಚ್ಚರಿಕೆ ಕೊಟ್ಟಳು.

ಮದುವೆ ದೇಶಪಾಂಡೆ ನಗರದ ಒಂದು ಮಂಗಲ ಕಾರ್ಯಾಲಯದಲ್ಲಿ. ಮುಂಜಾನೆ ದುರ್ಗದಬೈಲಿನ ಹತ್ತಿರದ ಗುಡಿಯಿಂದ ಮದಲಿಂಗನ ಮೆರವಣಿಗೆ. ಕುದುರೆ ಯಾವುದೆಂದು ಮಾತೇ ಇರಲಿಲ್ಲ. ನಾನು ಕಾಲೇಜಿನಲ್ಲಿದ್ದಾಗಲೇ ರಾಜೇಸಾಬರು, “ನಿಮ್ಮ ಲಗ್ನಕ್ಕ ಮೈನಾನ ಬರತಾಳ” ಎಂದು ಮಾತು ಕೊಟ್ಟಿದ್ದರು. ಉಸ್ತಾದ ಬೇಡವೆಂದನಂತೆ. ಶರ್ಯತ್ತಿನ ಕುದುರೆಯನ್ನು ಮೆರವಣಿಗೆಗೆ ಕಟ್ಟಬಾರದು ಎಂದಷ್ಟೇ ಅಂದನಂತೆ, ಕಾರಣ ಬಿಚ್ಚಿ ಹೇಳಲಿಲ್ಲ. ಅದು ಬರೀ ಅವನ ದಿಮಾಕು ಎಂದು ರಾಜೇಸಾಬರು ಕಿವಿಗೆ ಹಾಕಿಕೊಳ್ಳಲಿಲ್ಲ.

ಮದುವೆಗೆ ಎರಡು ದಿನ ಮುಂಚೆ ಉಸ್ತಾದ ನನ್ನನ್ನು ಹುಡುಕಿಕೊಂಡು ಬಂದ. ನನ್ನ ಚಪ್ಪಲಿಯನ್ನೇ ನೋಡುತ್ತ, ಮದಲಿಂಗನನ್ನು ಮರಾಠಿಯಲ್ಲಿ ಕರೆಯುವಂತೆ ಕರೆದು ಹೇಳಿದ: “ನವರದೇವ, ನಿಮ್ಮ ಒಳ್ಳೇದಕ್ಕ ಹೇಳ್ತೇನಿ. ಆ ಕುದರಿ ಮ್ಯಾಲ ಕೂಡಬ್ಯಾಡ್ರಿ.”

“ಯಾಕ? ಊರ ಮಂದಿಯೆಲ್ಲಾ ಅದರ ಮ್ಯಾಲ ಕೂತಾರ.”

“ಅದು ಆ ಕುದರಿ ಅಲ್ಲ ಈಗ. ಕಹಳಿ ಊದಿದ್ರ ಓಡೂದು ಕಲಿಸೇನಿ. ಉಣಕಲ್ ಕೆರಿ ದಾಟಿ ಒಂದು ಮೈಲಿಗಲ್ಲು ಐತಿ. ಅಲ್ಲಿತನಕ ನಿಲ್ಲೂದಿಲ್ಲ. ನಿಮ್ಮ ಬ್ಯಾಂಡಿನ್ಯಾಗ ಕಹಳಿ ಇರತೈತಿ. ಬ್ಯಾರೆ ಕುದರಿ ತರಸ್ರಿ. ನನಗ ಗೊತ್ತಿರೂ ಒಂದು ಶಾಂತ ಕುದರಿ ಐತಿ.”

ಕೊನೆಯ ಮಾತೊಂದನ್ನು ಅವನು ಆಡದಿದ್ದರೆ ನಂಬುತ್ತಿದ್ದೆನೋ ಏನೋ. ‘ನನಗ ಗೊತ್ತಿರೂ ಕುದರಿ!’ ಇಲ್ಲಿದೆ ಗುಟ್ಟು ಎಂದುಕೊಂಡೆ. ತನ್ನ ಪರಿಚಯದವನ ಕುದುರೆ ಹೊಂದಿಸಲು ಬಂದಿದ್ದಾನೆ. ಕೈ ಆಗಲೇ ಕಿಸೆಯ ಮೇಲೆ ಹೋಗಿತ್ತು. “ನೋಡೂಣ” ಎಂದು ಕಳಿಸಿಬಿಟ್ಟೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಅವನ ಮಾತಿಗೆ ಬೆಲೆ ಕೊಟ್ಟಂತೆ ಆಗುತ್ತಿತ್ತಲ್ಲ?

ಮದುವೆಯ ಮುಂಜಾನೆ ಮೈನಾ ಬಂದಳು. ಮೊದಲಿಗಿಂತ ತೆಳ್ಳಗಾಗಿದ್ದಳು. ಕಣ್ಣು ಪೂರ್ತಿ ತೆರೆದಿದ್ದವು. ನನ್ನ ಹಣೆಗೆ ಬಾಸಿಂಗ, ಕೈಯಲ್ಲಿ ನಿಂಬೆಹಣ್ಣು ಚುಚ್ಚಿದ ಕಠಾರಿ. ರಾಜೇಸಾಬರು ಹಗ್ಗ ಹಿಡಿದು ಮುಂದೆ ನಡೆದರು. ಪೇಟೆ ದಾಟುವವರೆಗೆ ಬರೀ ಡೋಲು, ಸನಾದಿ. ಏನೂ ಆಗಲಿಲ್ಲ. ‘ನೋಡಿದೆಯಾ ಮಿರಜಿನವನ ಸುಳ್ಳು’ ಎಂದು ಮನಸ್ಸಿನಲ್ಲೇ ಮೀಸೆ ತಿರುವಿದೆ. ಧಾರವಾಡದ ರಸ್ತೆ ಕವಲೊಡೆಯುವ ಕಡೆ ಬೀಗರು ಎದುರುಗೊಳ್ಳಲು ನಿಂತಿದ್ದರು. ಅವರ ಮರ್ಯಾದೆಗೆಂದು ಬ್ಯಾಂಡಿನವನು ಕಹಳೆ ಎತ್ತಿ ಉದ್ದನೆಯ ಒಂದು ಸ್ವರ ಊದಿದ.

ನನ್ನ ಕೆಳಗಿದ್ದ ಬೆನ್ನು ಒಮ್ಮೆ ನಡುಗಿ ಕುಗ್ಗಿತು. ಮರುಕ್ಷಣ ರಾಜೇಸಾಬರ ಕೈಯೊಳಗಿನ ಹಗ್ಗ ಗಾಳಿಯಲ್ಲಿತ್ತು. ಮಲ್ಲನಗೌಡರು ಆರತಿ ತಟ್ಟೆಯ ಹಿಂದೆ ಬಾಯಿ ತೆರೆದು ನಿಂತದ್ದು ಕಂಡಿತು, ಅವರೂ ಹಿಂದೆ ಉಳಿದರು. ಕಠಾರಿ ಎಲ್ಲಿ ಬಿತ್ತೋ ಗೊತ್ತಿಲ್ಲ. ನಾನು ಎರಡೂ ಕೈಯಿಂದ ಮೈನಾಳ ಕೊರಳು ತಬ್ಬಿಕೊಂಡಿದ್ದೆ. ಎದುರಿಗೆ ಬಂದ ಚಕ್ಕಡಿಯವನು ಎತ್ತುಗಳನ್ನು ರಸ್ತೆ ಕೆಳಗಿಳಿಸಿದ. ಮೊದಲು ಸಾಯುತ್ತೇನೆ ಅನಿಸಿತು. ಸ್ವಲ್ಪ ದೂರ ಹೋದ ಮೇಲೆ, ಇದನ್ನು ಶಾಂತಾಳನ್ನು ಬಿಟ್ಟರೆ ಯಾರ ಮುಂದೆಯೂ ಬಹಳ ದಿನ ಹೇಳಿರಲಿಲ್ಲ, ಹೆದರಿಕೆ ಹೋಗಿಯೇ ಬಿಟ್ಟಿತು. ಆಕೆಯ ನಾಲ್ಕು ಕಾಲು ಒಂದೇ ತಾಳದಲ್ಲಿ ಬೀಳುತ್ತಿದ್ದವು. ಇಷ್ಟು ವರ್ಷ ಉಳ್ಳಾಗಡ್ಡಿ ಚೀಲದ ಕೆಳಗೆ ಈ ಓಟ ಎಲ್ಲಿತ್ತು? ಉಸ್ತಾದ ಅಂದದ್ದು ಖರೆ, ಇದು ಓಡಲು ಹುಟ್ಟಿದ್ದು ಎಂದು ನನಗೂ ಒಂದು ಗಳಿಗೆ ತಿಳಿಯಿತು.

ಕೆರೆ ದಾಟಿ ಮೈಲಿಗಲ್ಲಿನ ಹತ್ತಿರ ಮೈನಾ ತಾನಾಗಿಯೇ ನಿಂತಳು. ಬಾಯಿಂದ ನೊರೆ. ಕುತ್ತಿಗೆ ತಿರುಗಿಸಿ ಬೆಲ್ಲಕ್ಕಾಗಿ ನನ್ನ ಕೈ ಮೂಸಿದಳು. ನಾನು ಜಾರಿ ಇಳಿದು ರಸ್ತೆಯ ಮೇಲೆ ಕೂತೆ. ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: “ಯಾಕೋ ಮದ್ಲಿಂಗಾ, ಹುಡುಗಿ ಮನಸಿಗೆ ಬರಲಿಲ್ಲೇನು?”

ಎಲ್ಲರೂ ಹೀಗೆಯೇ ತಿಳಿಯುತ್ತಾರೆ ಎಂದು ಹೊಳೆದಾಗ ನಿಜವಾದ ಹೆದರಿಕೆ ಶುರುವಾಯಿತು.

ಅರ್ಧ ತಾಸಿನೊಳಗೆ ಉಸ್ತಾದ ಸೈಕಲ್ ತುಳಿಯುತ್ತ ಬಂದ. ಸುದ್ದಿ ಕಿವಿಗೆ ಬಿದ್ದೊಡನೆ ಬೇರೆಲ್ಲೂ ಹುಡುಕದೆ ನೇರವಾಗಿ ಈ ಕಲ್ಲಿಗೇ ಬಂದಿದ್ದ. ನನ್ನತ್ತ ನೋಡದೆ ಮೈನಾಳ ಕಾಲುಗಳನ್ನು ಒಂದೊಂದಾಗಿ ಒತ್ತಿ ನೋಡಿದ. ಬೆಲ್ಲ ಕೊಟ್ಟ. ಆಮೇಲೆ, “ಮುಂದಿನ ಎಡಗಾಲು ಬಿಸಿ ಆಗೇತಿ. ಹೊರೆ ಹೊತ್ತು ಓಡಿಸಿದ್ದಿಲ್ಲ ನಾನು” ಎಂದಷ್ಟೇ ಹೇಳಿದ. ‘ಹೇಳಿರಲಿಲ್ಲವೇ’ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಕುದುರೆಯನ್ನು ಹುಣಸೆ ಮರಕ್ಕೆ ಕಟ್ಟಿ, ಒಗೆಯುವವರಿಗೆ ನೋಡಿಕೊಳ್ಳಲು ಹೇಳಿ, ನನ್ನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂಡ್ರಿಸಿಕೊಂಡು ಹೊರಟ. ಬಾಸಿಂಗ ಕಟ್ಟಿಕೊಂಡು ಕ್ಯಾರಿಯರ್ ಮೇಲೆ ಕಾಲು ಇಳಿಬಿಟ್ಟು ಹೋಗುವ ಮದುಮಗನನ್ನು ಹುಬ್ಬಳ್ಳಿ ಅದಕ್ಕೂ ಮೊದಲು ನೋಡಿರಲಿಲ್ಲ.

ಕಾರ್ಯಾಲಯದ ಅಂಗಳದಲ್ಲಿ ಮಲ್ಲನಗೌಡರು ರಾಜೇಸಾಬರ ತೋಳು ಹಿಡಿದು ನಿಂತಿದ್ದರು. “ಹುಡುಗ ಬರೂತನಕ ಇವನ್ನ ಬಿಡೂದಿಲ್ಲ. ಕೂಡಿಕೊಂಡ ಮಾಡ್ಯಾರ” ಎಂದು ಅವರ ವಾದ. ಅವ್ವ ಒಂದು ಮೂಲೆಯಲ್ಲಿ ಕೂತು ಯಾರ ಕಡೆ ಸಂಶಯಪಡಬೇಕೆಂದು ತಿಳಿಯದೆ ಅಳುತ್ತಿದ್ದಳು. ನಾನು ಇಳಿದೊಡನೆ ಗೌಡರು ಹತ್ತಿರ ಬಂದರು.

“ಖರೇ ಹೇಳ್ರಿ. ಕುದರಿ ಓಡಿತೋ, ನೀವ ಓಡಿಸ್ಕೊಂಡ ಹ್ವಾದ್ರೋ?”

ನಾನು ಬಾಯಿ ತೆರೆಯುವ ಮೊದಲೇ ಉಸ್ತಾದ ಹೇಳಿದ: “ತಪ್ಪು ನಂದರಿ. ಕಹಳಿ ಊದಿದ್ರ ಓಡಬೇಕಂತ ನಾನ ಕಲಿಸೇನಿ.”

ರಾಜೇಸಾಬರು ಅವನ ಮೇಲೆ ತಿರುಗಿದರು. “ಕಹಳಿ ಮಾತು ಮೊದಲ ಯಾಕ ಬಾಯಿ ಬಿಡಲಿಲ್ಲೋ? ಒಬ್ಬರಿಗಾದ್ರೂ ಹೇಳಬಾರದೇನು?”

ಆಗ ಉಸ್ತಾದ ಮೊದಲ ಸಲ ನನ್ನ ಮುಖ ನೋಡಿದ. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು: ನನಗೆ ಹೇಳಿದ್ದ. ಆದರೆ ಹಾಗೆಂದರೆ ಗೌಡರು ಏನು ತಿಳಿಯುತ್ತಾರೆ? ಓಡುತ್ತದೆಂದು ಗೊತ್ತಿದ್ದೂ ಏರಿದ, ಓಡಿಹೋಗಲೆಂದೇ ಏರಿದ. ಮದುವೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಬಾಸಿಂಗದ ಮುತ್ತಿನ ಎಳೆ ಸರಿಪಡಿಸಿಕೊಳ್ಳುತ್ತ ನೆಲ ನೋಡಿದೆ. ಉಸ್ತಾದ ಸ್ವಲ್ಪ ಹೊತ್ತು ಕಾದ. ಆಮೇಲೆ ಸೈಕಲ್ ತಿರುಗಿಸಿದ.

“ನಾಳಿಂದ ನನ್ನ ಲಾಯದ ಕಡೆ ಬರಬ್ಯಾಡ” ಎಂದರು ರಾಜೇಸಾಬರು. ಅವನು ಪೆಡಲು ತುಳಿದು ಹೊರಟುಹೋದ. ಮುಹೂರ್ತ ಮೀರಲು ಇನ್ನೂ ಸ್ವಲ್ಪ ಸಮಯವಿತ್ತು. ನನ್ನ ಲಗ್ನವಾಯಿತು.

ಮೂರನೆಯ ದಿನ ಶಾಂತಾ ನನಗೆ ಚಹಾ ಕೊಡುತ್ತ ಕೇಳಿದಳು: “ಆವತ್ತ ನಾ ಕಿಡಕ್ಯಾಗಿಂದ ನೋಡಾಕತ್ತಿದ್ದೆ. ಆ ಸೈಕಲ್ಲಿನಾಂವ ನಿಮ್ಮನ್ನ ನೋಡಿದಾ. ನೀವು ನೆಲಾ ನೋಡಿದ್ರಿ. ಏನದು?”

ಸುಳ್ಳು ಹೇಳಲು ನಾಲ್ಕು ದಾರಿ ಹುಡುಕಿದೆ. ಆ ಕಣ್ಣುಗಳ ಮುಂದೆ ಒಂದೂ ಸಾಗುವಂತಿರಲಿಲ್ಲ. ಎಲ್ಲ ಹೇಳಿದೆ. ಓಡುವಾಗ ಹೆದರಿಕೆ ಹೋದದ್ದನ್ನೂ ಹೇಳಿದೆ. 

“ನಮ್ಮಪ್ಪ ಸಂಶೆ ಪಡತಾನಂತ ನೀವು ಒಬ್ಬ ಖರೇ ಮನಷ್ಯಾನ್ನ ಸುಳ್ಳ ಮಾಡಿದ್ರಿ” ಎಂದಳು ಆಕೆ. “ಚಹಾ ಕುಡೀರಿ. ಕುಡದು ರಾಜೇಸಾಬರ ಮನಿಗೆ ಹೋಗ್ರಿ.”

ಹೋದೆ. ರಾಜೇಸಾಬರು ಮೈನಾಳ ಕಾಲಿಗೆ ಪಟ್ಟಿ ಸುತ್ತುತ್ತಿದ್ದರು. ನಾನು ಹೇಳಿದ್ದು ಕೇಳಿ ಅವರ ಕೈ ನಿಂತಿತು. “ಅಲ್ರಿ ಕಾರಕೂನ್ರ, ಈ ಮಾತು ಆವತ್ತ ಹೇಳಿದ್ರ ನಾ ಅವನ ಕಾಲ ಬೀಳತಿದ್ನಲ್ಲರಿ” ಎಂದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮರುದಿನವೇ ರೈಲು ಹತ್ತಿ ಮಿರಜಿಗೆ ಹೋದರು. ಉಸ್ತಾದ ಸಿಕ್ಕನಂತೆ, ಬೇರೊಬ್ಬರ ಲಾಯದಲ್ಲಿ. ಸಿಟ್ಟಾಗಲಿಲ್ಲ, ವಾಪಸ್ಸು ಬರಲೂ ಒಪ್ಪಲಿಲ್ಲ. ಆ ಕಾಲಿನಿಂದ ಇನ್ನು ಶರ್ಯತ್ತು ಆಗದು, ಹಳೆಯ ಕೆಲಸಕ್ಕೇ ಹಚ್ಚಿರಿ, ಆದರೆ ಮೊದಲು ಕಹಳೆಯನ್ನು ಮರೆಸಬೇಕು ಎಂದನಂತೆ. ದಿನಾ ಮುಂಜಾನೆ ಅದೇ ರಸ್ತೆಯಲ್ಲಿ ನಿಲ್ಲಿಸಿ ಕಹಳೆ ಊದಬೇಕು, ಓಡದೆ ನಿಂತರೆ ಬೆಲ್ಲ ಕೊಡಬೇಕು. “ಕಲಿಸೂದು ಎಂಟು ವಾರ, ಮರಸೂದು ಎಂಟು ತಿಂಗಳು. ಆ ಕೆಲಸಾ ನವರದೇವಗ ಹಚ್ಚು” ಎಂದು ಹೇಳಿ ಕಳಿಸಿದ್ದ.

ಹಚ್ಚಿದರು. ನಸುಕಿನಲ್ಲಿ ಎದ್ದು ಉಣಕಲ್ಲಿಗೆ ಹೋಗಿ ಮೈನಾಳ ಹಗ್ಗ ಹಿಡಿದು ನಿಲ್ಲುವುದು, ಆಮೇಲೆ ಕಚೇರಿಗೆ ಓಡುವುದು. ಕಹಳೆ ಊದಲು ಇನ್ನೊಬ್ಬರು ಬೇಕಲ್ಲ? ಶಾಂತಾ ಬಂದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಬ್ಯಾಂಡಿನವನಿಂದ ಬೇಡಿ ತಂದ ಹಳೆಯ ಕಹಳೆ. ಮೊದಮೊದಲು ಬರೀ ಗಾಳಿ ಬರುತ್ತಿತ್ತು. ಹದಿನೈದು ದಿನಕ್ಕೆ ಕೆರೆಯ ಆ ದಂಡೆಯ ಕೊಕ್ಕರೆಗಳು ಏಳುವಂತೆ ಊದತೊಡಗಿದಳು. ಮೈನಾ ನಡುಗುತ್ತಿದ್ದಳು, ನನ್ನನ್ನು ನಾಲ್ಕು ಮಾರು ಎಳೆದುಕೊಂಡು ಹೋಗುತ್ತಿದ್ದಳು. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದವು. ಊರಲ್ಲಿ ಸುದ್ದಿಯೋ ಸುದ್ದಿ. ಓಡಿಹೋಗಿದ್ದ ಗಂಡನನ್ನು ಹೆಂಡತಿ ಕಹಳೆ ಊದಿ ಕಾಯುತ್ತಿದ್ದಾಳೆಂದು ಕೆಲವರು. ನಮಗಿಬ್ಬರಿಗೂ ಯಾರೋ ಮಾಟ ಮಾಡಿಸಿದ್ದಾರೆಂದು ಕೆಲವರು. ಆ ಸುದ್ದಿ ಕೇಳಿ ಪರಿಶೀಲನೆಗೆ ಬಂದ ಮಲ್ಲನಗೌಡರು ಹುಣಸೆ ಮರದ ಹಿಂದೆ ನಿಂತು ಎರಡು ಮುಂಜಾನೆ ನೋಡಿದರು. ಮೂರನೆಯ ದಿನ ಹೊರಗೆ ಬಂದು, ಏನೂ ಕೇಳದೆ, ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡರು. ಆವತ್ತು ಅವರಿಗೂ ಎಲ್ಲ ಹೇಳಿದೆ. “ಖರೇ ಅಂದ್ರ ಆವತ್ತ ಹೇಳಿದ್ರ ನಾ ನಂಬತಿರಲಿಲ್ಲ” ಎಂದರು ಅವರು, ಸ್ವಲ್ಪ ನಾಚಿ.

ಮುಂದಿನ ಲಗ್ನಸರಾಯಿಗೆ ಮೈನಾ ಕಹಳೆಗೆ ಕದಲದಂತಾದಳು. ಮೊದಲ ಮೆರವಣಿಗೆ ನಮ್ಮ ಪಕ್ಕದ ಓಣಿಯ ಕಾಳಿನ ವ್ಯಾಪಾರಿಯ ಮಗನದು. ನಾನು, ಶಾಂತಾ ಇಬ್ಬರೂ ಜೊತೆಗೆ ನಡೆದೆವು. ಧಾರವಾಡ ರಸ್ತೆಯ ಅದೇ ಕವಲಿನಲ್ಲಿ ಕಹಳೆ ಊದಿದರು. ರಾಜೇಸಾಬರು ಕಣ್ಣು ಮುಚ್ಚಿದರು. ಮೈನಾ ಓಡಲಿಲ್ಲ. ನಿಂತಳು. ಹಾಗೆಯೇ ನಿಂತಳು. ಕಹಳೆ ನಿಲ್ಲುವವರೆಗೆ ಹೆಜ್ಜೆ ಎತ್ತಲಿಲ್ಲ. ಊದುವುದು ನಿಂತ ಕೂಡಲೇ ನಡೆದಳು. ಮತ್ತೆ ಊದಿದರು, ಮತ್ತೆ ನಿಂತಳು. ನಾವು ಮರೆಸಿರಲಿಲ್ಲ, ಹೊಸದೊಂದನ್ನು ಕಲಿಸಿದ್ದೆವು. ಬೀಗರೆಲ್ಲ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಹುಡುಗಿಯ ಅಪ್ಪ ಹುಬ್ಬು ಗಂಟಿಕ್ಕಿ ಮುಂದೆ ಬಂದ.

“ಏನಿದು ರಾಜೇಸಾಬ? ಕುದರಿ ಮುಂದ ಬರವಲ್ದು. ಹುಡುಗಗ ಬರೂ ಮನಸಿಲ್ಲೇನು? ಏನ ಮಸಲತ್ತು ಐತಿ ಇದರಾಗ? ಯಾರು ಕಲಿಸ್ಯಾರ ಇದನ್ನ?”

ರಾಜೇಸಾಬರು ಬಾಯಿ ತೆರೆಯುವುದರೊಳಗೆ ನಾನು ಜನರನ್ನು ಸರಿಸಿಕೊಂಡು ಮುಂದೆ ಹೋಗಿ ನಿಂತೆ.

“ನಾನರಿ” ಎಂದೆ. “ಹುಡುಗಂದು ಏನೂ ತಪ್ಪಿಲ್ಲ, ರಾಜೇಸಾಬರದೂ ಇಲ್ಲ. ಕಲಿಸಿದಾಂವ ನಾನು.”